ಮೈಯೊಳಗಿನ ಕಾವಲು

ತಡಸ

ಮಗಳೇ ಮಲ್ಲಿಕಾ,

ನಿನ್ನ ಗಂಡನಿಗೆ ಎಚ್‌ಐವಿ ಇರುವುದು ತಿಳಿಯಿತು. "ದೊಡ್ಡಪ್ಪ ಅದರಾಗ ಹೋದ್ರೂ ನಿನಗ ಹತ್ತಲಿಲ್ಲ, ನಮ್ಮವ್ವ ನಿನ್ನ ತಂಗಿ, ನಿನ್ನ ರಕ್ತನ ನಂದು, ನನಗೇನೂ ಆಗೂದಿಲ್ಲ" ಎಂದು ಬರೆದಿದ್ದೀಯಲ್ಲ, ಅದಕ್ಕೇ ಈ ಪತ್ರ.

"ನಿಮ್ಮ ಮೈಯ ದ್ರವದಾಗಿನ ಪ್ರೋಟೀನು ವೈರಸ್ ತಡದಿರಬಹುದ್ರಿ, ಖಾತ್ರಿ ಇಲ್ಲ" ಎಂದಷ್ಟೇ ಡಾಕ್ಟರು ನನಗೆ ಹೇಳಿದ್ದು. ಅಂದಿನಿಂದ ನಿನ್ನ ದೊಡ್ಡಪ್ಪನ ಮಂಚದ ಹತ್ತಿರ ಹೋದರೆ ನನ್ನೊಳಗೆ ಯಾರೋ ಎದ್ದು ಕೂತಂತಾಗುತ್ತದೆ. ಅವರು ಮಣ್ಣಾದದ್ದು ಆ ಕಾವಲಿಗೆ ಇನ್ನೂ ತಿಳಿದಂತಿಲ್ಲ. ಬಾಗಿಲು ಕಾಯುತ್ತಲೇ ಇದೆ.

ಅದನ್ನು ನಾನು ಕರೆದಿರಲಿಲ್ಲ, ನಿನ್ನ ಬಳಿಗೆ ಕಳಿಸಲೂ ಬರುವುದಿಲ್ಲ. ಸೋಮವಾರ ಶಿಗ್ಗಾಂವಿ ದವಾಖಾನೆಯಲ್ಲಿ ರಕ್ತ ಪರೀಕ್ಷೆ ಮಾಡಿಸು. ಡಾಕ್ಟರನ್ನು ಕೇಳದೆ ಕೂಡಿ ಮಲಗಬೇಡಿರಿ. ಅವನ ತಾಟು ಮಾತ್ರ ಬೇರೆ ಇಡಬೇಡ, ಕೂಡಿ ಉಂಡರೆ ಅದು ಹತ್ತುವುದಿಲ್ಲ. ಶಿಗ್ಗಾಂವಿ ಬಸ್ ಸ್ಟ್ಯಾಂಡಿಗೆ ನಾನೇ ಬಂದು ಕಾಯುತ್ತೇನೆ.

ನಿನ್ನ ದೊಡ್ಡವ್ವ
ಅನ್ನವ್ವ