ಹನ್ನೊಂದನೇ ಸಾಲಿನ ಜೀಪು

ಬಸ್ಸಿನ ವೇಳಾಪಟ್ಟಿಗೆ ಸಹಿ ಹಾಕುವ ಮಾನ್ಯರೇ,

ನಮ್ಮೂರಿನಲ್ಲಿ ಒಂದೂ ಜೀಪಿಲ್ಲ. ಇರುವುದು ತಮ್ಮ ಕಚೇರಿ ಹೊರಡಿಸಿದ ‘ಗ್ರಾಮ ವಿವರ’ದ ಹನ್ನೊಂದನೇ ಸಾಲಿನಲ್ಲಿ ಮಾತ್ರ: ‘ಸಮೀಕ್ಷೆಯ ದಿನ ಗ್ರಾಮಸ್ಥರು ಬಳಸಿದ ವಾಹನ: ಜೀಪು. ಬಸ್ ಪ್ರಯಾಣಿಕರು: ಸೊನ್ನೆ.’ ಈ ಸಾಲನ್ನು ನಂಬಿ ತಾವು ನಾಲ್ಕು ತಿಂಗಳ ಹಿಂದೆ ನಮ್ಮ ಬಸ್ಸು ನಿಲ್ಲಿಸಿದಿರಿ.

ಉಳಿದ ಸಾಲುಗಳಲ್ಲಿ ತಪ್ಪಿಲ್ಲ. ಜನಸಂಖ್ಯೆ ಅರವತ್ತೊಂದು, ಸರಿ. ನಾನು ಬಟ್ಟೆ ಹೊಲಿಯುವವಳು, ಅಷ್ಟೂ ಜನರ ಅಳತೆ ನನ್ನ ಪುಸ್ತಕದಲ್ಲಿದೆ. ಮುಖ್ಯರಸ್ತೆಗೆ ಒಂಬತ್ತು ಕಿಲೋಮೀಟರ್, ಅದೂ ಸರಿ. ನೋಡಹೋದರೆ ಹನ್ನೊಂದನೇ ಸಾಲೂ ಸುಳ್ಳಲ್ಲ. ಅದೇ ಅದರ ಕೇಡು.

ಆ ಮಂಗಳವಾರ ತಮ್ಮ ಸಮೀಕ್ಷೆಯವರು ಮನೆಮನೆ ಎಣಿಸಿ ಪಟ್ಟಣಕ್ಕೆ ಹೊರಟಿದ್ದರು. ನಾವು ಏಳು ಜನ ಎಂದಿನಂತೆ ಬಸ್ಸಿಗೆ ಕಾಯುತ್ತಿದ್ದೆವು. ಅವರು ಜೀಪು ನಿಲ್ಲಿಸಿ, “ಬನ್ನಿ ಅಮ್ಮಾ, ನಾನೂ ಅಲ್ಲಿಗೇ ಹೋಗ್ತಿರೋದು” ಎಂದರು. ನಮ್ಮ ಕ್ಷೌರಿಕ, “ಸರ್ಕಾರ ತಾನಾಗೇ ಕರೀತಿದೆ, ಹತ್ರೋ! ಇನ್ನು ಯಾವ ಜನ್ಮದಲ್ಲಿ ಕರೆಯುತ್ತೋ!” ಎಂದು ಎಲ್ಲರನ್ನೂ ನಗಿಸಿದ. ಅಷ್ಟರಲ್ಲಿ ನಾನು ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಇಪ್ಪತ್ತು ನಿಮಿಷದ ನಂತರ ಬಂದ ಬಸ್ಸು ಖಾಲಿ ನಿಂತು, ಖಾಲಿ ತಿರುಗಿತು. ಪ್ರಯಾಣಿಕರ ಎಣಿಕೆಯೂ ಅದೇ ದಿನದ್ದೆಂದು ನಮಗೇನು ಗೊತ್ತು? ಮರುದಿನ ಕಂಡಕ್ಟರ್ ಕೇಳಿದ: “ಏನಮ್ಮಾ, ಊರಿಗೆ ಊರೇ ಎಲ್ಲಿ ಮಾಯವಾಗಿತ್ತು? ಹಾಳೆ ಮೇಲೆ ಸೊನ್ನೆ ಬರೆದು ಬಂದೆ.”

ಸಮೀಕ್ಷೆಯವರ ಮೇಲೆ ನನ್ನ ದೂರಿಲ್ಲ. ಕಂಡದ್ದನ್ನು ಬರೆದ ಪ್ರಾಮಾಣಿಕರು ಅವರು. ಆದರೆ ಒಂದು ದಿನ ಕೊಡೆ ಹಿಡಿದವರಿಗೆ ಸೂರು ಬೇಡವೆಂದು ಯಾರಾದರೂ ತೀರ್ಮಾನಿಸುತ್ತಾರೆಯೇ? ಅರ್ಜಿ ಕೊಟ್ಟೆ. ‘ಪರ್ಯಾಯ ವಾಹನ ಲಭ್ಯವಿದೆ’ ಎಂಬ ಉತ್ತರ ಬಂತು. ಆ ವಾಹನದ ನಂಬರ್ ಫಲಕ ನನಗೆ ಬಾಯಿಪಾಠ, ಮಾನ್ಯರೇ. ಅದು ತಮ್ಮ ಕಚೇರಿಯ ಅಂಗಳದಲ್ಲಿ ನಿಂತಿರುತ್ತದೆ.

ನಾನೇಕೆ ಅಷ್ಟು ಅವಸರದಿಂದ ಹತ್ತಿದೆ ಎಂಬುದನ್ನೂ ಹೇಳಬೇಕು. ನನ್ನ ತಂಗಿ ಪಟ್ಟಣದ ಆರೈಕೆ ಮನೆಯಲ್ಲಿದ್ದಾಳೆ. ಎದ್ದು ಓಡಾಡಲಾರಳು, ಕಣ್ಣೂ ಕಾಣದು. ಪ್ರತಿ ಮಂಗಳವಾರ ಹತ್ತರಿಂದ ಹನ್ನೆರಡರವರೆಗೆ ಅವಳಿಗೆ ಕಾದಂಬರಿ ಓದುತ್ತಿದ್ದೆ, ನಾವಿಬ್ಬರೂ ಎಂದೂ ಕಾಣದ ದೇಶಗಳಿಂದ ಅನುವಾದವಾಗಿ ಬಂದಂಥವು. ಅಂದು ಬೇಗ ತಲುಪಿದ್ದರಿಂದ ಬಾಗಿಲು ತೆರೆಯುತ್ತಲೇ ಒಳಗಿದ್ದೆ. ನಾಲ್ಕು ಪುಟ ಹೆಚ್ಚಾಗಿ ಓದಿದೆ. ಇನ್ನೂರ ಹನ್ನೆರಡನೇ ಪುಟದಲ್ಲಿ ಒಬ್ಬಳು ಕಾಗದ ಒಡೆಯುವಾಗ ಭೇಟಿ ಮುಗಿಯುವ ಗಂಟೆ ಬಾರಿಸಿತು. “ಅಕ್ಕಾ, ಮುಂದಿನದನ್ನ ನೀನೊಬ್ಬಳೇ ಓದಿಬಿಡಬೇಡ ಕಣೇ” ಎಂದಳು. ಓದುವುದಿಲ್ಲ ಎಂದೆ.

ಓದಿಲ್ಲ. ಮುಂದಿನ ಮಂಗಳವಾರ ಬರುವಷ್ಟರಲ್ಲಿ ಬಸ್ಸು ನಿಂತಿತ್ತು. ಒಮ್ಮೆ ಮುಖ್ಯರಸ್ತೆಯವರೆಗೆ ನಡೆದೇ ಹೋದೆ. ಈ ಮಂಡಿಗಳು ನನ್ನನ್ನು ಆರೈಕೆ ಮನೆಗೆ ತಲುಪಿಸುವಾಗ ಭೇಟಿಯ ಹೊತ್ತು ಮೀರಿತ್ತು. ಫೋನಿನಲ್ಲಿ ಓದಲೇ ಎಂದರೆ, “ಬೇಡ, ನೀನು ಬಂದು ಓದು” ಎನ್ನುತ್ತಾಳೆ. ಪುಸ್ತಕ ಹೊಲಿಗೆ ಯಂತ್ರದ ಪಕ್ಕದಲ್ಲಿದೆ, ಆ ಪುಟದಲ್ಲಿ ಅಳತೆ ಟೇಪು. ಮಂಗಳವಾರ ಹತ್ತು ಗಂಟೆಗೆ ಯಂತ್ರ ನಿಲ್ಲಿಸುತ್ತೇನೆ. ಮನೆಯಲ್ಲಿ ಮತ್ತೆ ಯಾವ ಸದ್ದೂ ಇರುವುದಿಲ್ಲ. ಹನ್ನೆರಡಕ್ಕೆ ಮತ್ತೆ ತುಳಿಯುತ್ತೇನೆ.

ನಾನು ಕೇಳುವುದು ಇಷ್ಟೇ: ಆ ಸಾಲನ್ನು ಹೊಡೆದುಹಾಕಿ, ಇನ್ನೊಂದು ಮಂಗಳವಾರ ನಮ್ಮನ್ನು ಎಣಿಸಿ. ಏಳು ಜನವೂ ನಿಂತಿರುತ್ತೇವೆ. ಈ ಸಲ ಮಾತ್ರ, ದಯವಿಟ್ಟು, ತಮ್ಮ ಸಮೀಕ್ಷೆಯವರನ್ನು ಬಸ್ಸಿನಲ್ಲಿ ಕಳುಹಿಸಿ.

ಇಂತಿ,
ಇನ್ನೂರ ಹನ್ನೆರಡನೇ ಪುಟದಲ್ಲಿ ನಿಂತಿರುವ,
ಜೀಪಿಗೆ ಎಲ್ಲರಿಗಿಂತ ಮೊದಲು ಹತ್ತಿದವಳು