ಕಣ್ಣಾರೆ ಕಂಡವಳು ನಾನು

ಭಾನುವಾರ, ಮಾರ್ಚ್ 9

ಹೊಟ್ಟೆಯೊಳಗಿನ ಉರಿ ಇನ್ನೂ ಆರಿಲ್ಲ. ಬೆಳಿಗ್ಗೆ ನನ್ನ ಬೈಬಲ್ ತರಗತಿಯಲ್ಲಿ ದರ್ಜಿಯ ಮಗಳು ಕೇಳಿದಳು, "ಟೀಚರ್, ಸುವಾರ್ತೆ ಬರೆದವರು ಎಲ್ಲಾನೂ ಕಣ್ಣಾರೆ ನೋಡಿದ್ರಾ?" ಗೊತ್ತಿದ್ದಷ್ಟು ಹೇಳಿದೆ. ನಾಲ್ಕು ಸುವಾರ್ತೆಗಳಲ್ಲೂ ಬರೆದವರು ತಮ್ಮ ಹೆಸರು ಹಾಕಿರಲಿಲ್ಲ, ಈಗಿರುವ ಹೆಸರುಗಳು ಆಮೇಲೆ ಅಂಟಿಕೊಂಡವು ಎನ್ನುವ ವಿದ್ವಾಂಸರೇ ಹೆಚ್ಚು. ಲೂಕನ ಸುವಾರ್ತೆಯಂತೂ ಕಂಡವರು ತಿಳಿಸಿದ್ದನ್ನು ವಿಚಾರಿಸಿ ಬರೆದದ್ದೆಂದು ಶುರುವಿನಲ್ಲೇ ಒಪ್ಪಿಕೊಳ್ಳುತ್ತದೆ.

"ನೋಡ್ದೇ ಇದ್ರೂ ಲೂಕ ಬರ್ದಿದ್ದೇ ಎಲ್ಲಕ್ಕಿಂತ ಚೆನ್ನಾಗಿದೆ ಟೀಚರ್," ಎಂದಳು.

ಅಪ್ಪ ತೀರಿಕೊಂಡು ವರ್ಷವಾದದ್ದಕ್ಕೆ ಸಂಜೆ ಮನೆಯಲ್ಲಿ ಪ್ರಾರ್ಥನೆ. ಅವರ ಕೊನೆಯ ಗಳಿಗೆಯನ್ನು ತಂಗಿ ಹೇಳಿದಳು, ಎಲ್ಲರೂ ಕಣ್ಣೊರೆಸಿಕೊಂಡರು. ಅವಳು ಬಂದದ್ದು ಮಣ್ಣು ಮಾಡುವ ದಿನ. ಹನ್ನೊಂದು ತಿಂಗಳು ಹಾಸಿಗೆ ಬದಲಿಸಿದವಳು, ಕೈ ತಣ್ಣಗಾಗುವವರೆಗೂ ಹಿಡಿದು ಕೂತವಳು ನಾನು. ಆದರೆ ನನಗೆ ಹೇಳಲು ಬರುವುದು ಇಷ್ಟೇ: ನಾಲ್ಕು ಗಂಟೆಗೆ ಎರಡು ಚಮಚ ನೀರು ಕುಡಿದರು, ನಾಲ್ಕೂವರೆಗೆ ಉಸಿರು ನಿಂತಿತು. ಔಷಧಿಯ ಚೀಟಿ ಓದಿದ ಹಾಗೆ. ಅವಳ ಬಾಯಲ್ಲಿ ಅಪ್ಪ ಎದ್ದು ಕೂರುತ್ತಾರೆ.

ಚಿಕ್ಕಮ್ಮ ನನ್ನ ಭುಜ ತಟ್ಟಿ, "ಕೊನೇಲಿ ನಿನ್ನ ತಂಗಿ ಹೆಸರೇ ಕರೆದ್ರಂತಲ್ಲ. ಅದೃಷ್ಟವಂತೆ ಬಿಡು," ಎಂದರು. ತಲೆಯಾಡಿಸಿದೆ.

ಅಪ್ಪ ಯಾರ ಹೆಸರನ್ನೂ ಕರೆಯಲಿಲ್ಲ. ಆ ದಿನ ಫೋನಿನಲ್ಲಿ ಅವಳ ಅಳು ನಿಲ್ಲಲೇ ಇಲ್ಲ. ಸಮಾಧಾನವಾಗಲಿ ಎಂದು, ಕೊನೆಗೆ ನಿನ್ನ ಹೆಸರೇ ಕರೆದರು ಎಂದು ಹೇಳಿದವಳು ನಾನೇ. ಈಗ ಅದೇ ಮಾತಿಗೆ ಅವಳ ಮೇಲೆ ನನಗೆ ಹೊಟ್ಟೆಕಿಚ್ಚು.

ಹೇಗೂ ಸುಳ್ಳು ಹೇಳಿದೆನಲ್ಲ, ಅದರಲ್ಲಿ ನನ್ನ ಹೆಸರನ್ನೂ ಸೇರಿಸಬಹುದಿತ್ತು.