ಅಕ್ಕನಿಗೆ ಹಿಡಿಸಿದ ಇಂಜೆಕ್ಷನ್

ನಮ್ಮ ಮನೆ, ಕಿಟಕಿ ಪಕ್ಕದ ಮೇಜು
ಮೇ ೧೮, ಭಾನುವಾರ

ಪ್ರೀತಿಯ ಅಕ್ಕಾ,

ಕಳೆದ ಸಲ ನೀನು ಬಂದಾಗ ನಿನ್ನ ಕೈಚೀಲದಿಂದ ಮಾಯವಾದ ಔಷಧಿ ಚೀಟಿಯನ್ನು ಕದ್ದವನು ಸಾಕ್ಷಾತ್ ನಿನ್ನ ಒಡಹುಟ್ಟಿದ ತಮ್ಮನೇ ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ. ಚಿಕ್ಕಂದಿನಿಂದ ಮೈಗಳ್ಳ ಎನ್ನುತ್ತಿದ್ದೆ. ಈಗ ಚೀಟಿಗಳ್ಳ ಎಂದು ಬಡ್ತಿ ಕೊಡು. ಅದಿರಲಿ, ಮೊಣಕಾಲು ನೋವು ಹೇಗಿದೆ? ಭಾವನ ಗೊರಕೆ?

ನಿನಗೂ ನನಗೂ ಇರುವುದು ಒಂದೇ ಸೋರಿಯಾಸಿಸ್. ಆ ಚೀಟಿಯಲ್ಲಿದ್ದ ಇಂಜೆಕ್ಷನ್ ಎರಡು ಸಲ ಬಿದ್ದದ್ದೇ ತಡ, ನಿನ್ನ ಮೊಣಕೈ ಬದನೆಕಾಯಿಯ ಹಾಗೆ ನುಣ್ಣಗಾಯಿತು. ನಾನೂ ಅದನ್ನೇ ಚುಚ್ಚಿಸಿಕೊಂಡು ನಾಲ್ಕು ತಿಂಗಳಾಯಿತು ಮಹರಾಯ್ತಿ, ಕೈಯಿಂದ ಹೊಟ್ಟು ಉದುರುವುದು ನಿಂತಿಲ್ಲ. ಕಪ್ಪು ಕೋಟಿನ ಮೇಲೆ ಬಿದ್ದದ್ದು ಸೀಮೆಸುಣ್ಣವೋ ಮೇಷ್ಟ್ರೋ ಎಂದು ಹುಡುಗರಿಗೆ ಅನುಮಾನ. ಪ್ರಯೋಗಾಲಯದಲ್ಲಿ ನಾನು ಕೊಟ್ಟ ಗಾಜಿನ ಸ್ಲೈಡನ್ನು ಅಂಚಿನಲ್ಲಿ, ಎರಡೇ ಬೆರಳಲ್ಲಿ ಹಿಡಿಯುತ್ತಾರೆ. ಇದು ಅಂಟುರೋಗವಲ್ಲ ಎಂದು ಬೋರ್ಡಿನ ಮೇಲೆ ಬರೆದೆ. ಅದನ್ನು ಒರೆಸಿದ ಡಸ್ಟರನ್ನೂ ಯಾರೂ ಮುಟ್ಟಲಿಲ್ಲ. ಪ್ರಿನ್ಸಿಪಾಲರಂತೂ ನಯವಾಗಿ ಹೇಳಿಬಿಟ್ಟರು: "ರಜೆ ಮುಗಿಯೋ ಹೊತ್ತಿಗೆ ಕೈ ವಾಸಿಯಾದ್ರೆ ಸರಿ, ಇಲ್ಲಾಂದ್ರೆ ಒಂದು ವರ್ಷ ಲೈಬ್ರರಿ ನೋಡ್ಕೊಳ್ಳಿ, ರೆಸ್ಟೂ ಆಗುತ್ತೆ." ಇಪ್ಪತ್ತಾರು ವರ್ಷ ಜೀವಶಾಸ್ತ್ರ ಪಾಠ ಮಾಡಿದವನಿಗೆ ಪುಸ್ತಕದ ಧೂಳು ಕೊಡವುವ ಕೆಲಸ! ಕ್ಲಾಸಿಲ್ಲದಿದ್ದರೆ ನಾನು ಏನಾಗುತ್ತೇನೆಂದು ನಿನಗೆ ಗೊತ್ತು. ನನ್ನವಳಿಗೆ ಇನ್ನೂ ಚೆನ್ನಾಗಿ ಗೊತ್ತು, ರಜೆಯಲ್ಲಿ ಪಾಠವೆಲ್ಲ ಅವಳಿಗೇ.

ತಪ್ಪೆಲ್ಲ ಇಲ್ಲಿಯ ಡಾಕ್ಟರಮ್ಮನದು. ನನ್ನ ಹಳೇ ಶಿಷ್ಯೆ. ಜೀನ್ ಎಂದರೇನೆಂದು ಅವಳಿಗೆ ಹೇಳಿಕೊಟ್ಟವನೇ ನಾನು. ಈಗ ನನಗೇ ಪಾಠ! ನಿನ್ನಲ್ಲಿರುವ ಒಂದು ಜೀನ್ ಗುರುತು ನನ್ನ ರಕ್ತಪರೀಕ್ಷೆಯಲ್ಲಿ ಸಿಗಲಿಲ್ಲವಂತೆ. ಅದು ಇರುವವರಿಗೆ ನಿನ್ನ ಇಂಜೆಕ್ಷನ್ ಬೇಗ ಹಿಡಿಸುವುದು ಹೆಚ್ಚಂತೆ, ಇಲ್ಲದವರಿಗೆ ಬೇರೊಂದು ಹಿಡಿಸಬಹುದಂತೆ. "ಗ್ಯಾರಂಟಿ ಅಲ್ಲ ಸಾರ್, ಸಾಧ್ಯತೆ ಅಷ್ಟೇ" ಅನ್ನುತ್ತಾಳೆ. ಸಾಧ್ಯತೆಯನ್ನು ಕೈಗೆ ಹಚ್ಚಿಕೊಳ್ಳಲಾಗುತ್ತದೆಯೇ? ಒಂದೇ ಅಪ್ಪ, ಒಂದೇ ಅಮ್ಮ, ಒಂದೇ ಕಾಯಿಲೆ. ನಿನಗೆ ಅಮ್ಮನ ಮೂಗು, ಅಮ್ಮನ ಕೂದಲು, ಮೇಲೆ ಔಷಧಿ ಹಿಡಿಸುವ ಜೀನು. ನನಗೆ ಅಪ್ಪನ ಬೋಳುತಲೆ. ಈ ಪಾಲು ಮಾಡಿದವರು ಯಾರೋ!

ಮೊನ್ನೆಯಿಂದ ಬೇರೆ ಇಂಜೆಕ್ಷನ್ ಶುರುವಾಗಿದೆ. ರಜೆ ಮುಗಿಯಲು ಇಪ್ಪತ್ತೆರಡು ದಿನ. ದಿನಾ ಬೆಳಿಗ್ಗೆ ಅಂಗೈ ನೋಡಿಕೊಳ್ಳುತ್ತೇನೆ. ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನಿನ್ನ ಚೀಟಿ ಇದರ ಜೊತೆಗೇ ಇದೆ.

ನಿನ್ನ
ಪಂಡಿತ

ಮರೆತಿದ್ದೆ: ಚೀಟಿಯನ್ನು ತಿರುಗಿಸಿ ನೋಡಬೇಡ. ನೋಡೇ ನೋಡುತ್ತೀಯ, ಹಾಗಾಗಿ ನಾನೇ ಹೇಳಿಬಿಡುತ್ತೇನೆ. ಹಿಂಬದಿಯಲ್ಲಿ ನಿನ್ನ ಜೀನ್ ಗುರುತು ಬರೆದಿದೆ. ಮೊದಲ ದಿನವೇ ಡಾಕ್ಟರಮ್ಮ ಅದನ್ನು ನೋಡಿ, "ನಿಮ್ಮದೂ ಒಂದ್ಸಲ ಪರೀಕ್ಷೆ ಮಾಡಿಸೋಣ ಸಾರ್" ಎಂದಿದ್ದಳು. "ಒಡಹುಟ್ಟಿದವರು ಕಣಮ್ಮಾ, ಅವಳದೇ ನನ್ನದೂ. ನನಗೇ ಹೇಳಿಕೊಡ್ತೀಯಾ?" ಎಂದು ಹಟ ಹಿಡಿದು ನಿನ್ನ ಇಂಜೆಕ್ಷನ್ನೇ ಬರೆಸಿಕೊಂಡವನು ನಾನು. ಆ ನಾಲ್ಕು ತಿಂಗಳು ಹಾಳಾದದ್ದು ನನ್ನಿಂದಲೇ. ಮೊನ್ನೆ ಸೂಜಿ ಚುಚ್ಚುತ್ತ ಅವಳು ಮೆಲ್ಲಗೆ ನೆನಪಿಸಿದಳು: ಅಣ್ಣತಂಗಿಯರ ಜೀನ್‌ಗಳೆಲ್ಲ ಒಂದೇ ಎಂದು ಆಗ ಕ್ಲಾಸಿನ ಪರೀಕ್ಷೆಯಲ್ಲಿ ತಾನು ಬರೆದದ್ದಕ್ಕೆ, ನಾನು ಅವಳಿಗೆ ಸೊನ್ನೆ ಕೊಟ್ಟಿದ್ದೆನಂತೆ.